ಡೀಪ್‌ಗ್ರೀನ್ ರಸ್ತೆಯ ಮೂಲೆಮನೆ: ಲೆವಿಟ್‌ಟೌನ್, 1957

1957ರ ಆಗಸ್ಟ್ 13ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲೆವಿಟ್‌ಟೌನ್ ಎಂಬ ಬಡಾವಣೆಯಲ್ಲಿ, ಡೀಪ್‌ಗ್ರೀನ್ ಮತ್ತು ಡ್ಯಾಫೊಡಿಲ್ ಎಂಬ ಎರಡು ಕಿರುರಸ್ತೆಗಳು ಕೂಡುವ ಮೂಲೆಯ ಮನೆಯೊಂದರ ಬಾಗಿಲನ್ನು ಅಂಚೆಯವನು ತಟ್ಟಿದ. ಬಾಗಿಲು ತೆರೆದ ಕಪ್ಪುವರ್ಣೀಯ ಮಹಿಳೆಯನ್ನು ಮನೆಗೆಲಸದವರೆಂದು ಭಾವಿಸಿ, ಮಿಸೆಸ್ ಮೈಯರ್ಸ್ ಇದ್ದಾರೆಯೇ ಎಂದು ವಿಚಾರಿಸಿದ. ತಾವೇ ಮಿಸೆಸ್ ಮೈಯರ್ಸ್ ಎಂದು ಅವರು ಉತ್ತರಿಸಿದರು. ಅಂಚೆಯವನು ಮುಂದಿನ ಮನೆಗಳಿಗೆ ಕಾಗದದ ಜೊತೆಗೆ ಈ ಸುದ್ದಿಯನ್ನೂ ಹಂಚುತ್ತ ಹೋದ. ಸಂಜೆಯಾಗುವಷ್ಟರಲ್ಲಿ ಮನೆಯ ಎದುರು ನೂರಾರು ಜನ ಸೇರಿದ್ದರು. ರಾತ್ರಿ ಮುಂಗಿಟಕಿಯ ಗಾಜು ಕಲ್ಲೇಟಿಗೆ ಒಡೆಯಿತು.

ಇದನ್ನು ಜನಾಂಗದ್ವೇಷದ ಒಂದು ಘಟನೆಯೆಂದು ದಾಖಲಿಸಿ ಮುಗಿಸಿಬಿಡಬಹುದು. ಆದರೆ ಆ ಕಾಲದ ಅಮೆರಿಕದಲ್ಲಿ ದ್ವೇಷಕ್ಕೆ ಎಲ್ಲಿಯೂ ಕೊರತೆಯಿರಲಿಲ್ಲವಾದ್ದರಿಂದ, ಈ ಮೂಲೆಮನೆಯ ಸುತ್ತ ನಡೆದದ್ದು ಇಲ್ಲಿಯೇ, ಹೀಗೆಯೇ ಏಕೆ ನಡೆಯಿತು ಎಂಬ ಪ್ರಶ್ನೆಗೆ ಆ ಒಂದು ಪದ ಉತ್ತರವಾಗುವುದಿಲ್ಲ. ಮನೆ ಎಂಬುದು ನಾಲ್ಕು ಗೋಡೆಗಳಲ್ಲಿ ಮುಗಿಯುವುದಿಲ್ಲ. ಹಾಲು ತರುವವನು, ಅಂಚೆಯವನು, ಬೆನ್ನಿಗಂಟಿದ ಹಿಂದಿನ ಮನೆ, ಪಕ್ಕದ ಮನೆಯವರು, ಠಾಣೆ, ಸಾಲ ಕೊಟ್ಟ ಬ್ಯಾಂಕು, ಇಷ್ಟೂ ಸೇರಿಯೇ ಅದು ವಾಸಕ್ಕೆ ಯೋಗ್ಯವಾಗುತ್ತದೆ. ಮೈಯರ್ಸ್ ಕುಟುಂಬವನ್ನು ಎಬ್ಬಿಸಲು ಹೊರಟವರು ಇದನ್ನು ಚೆನ್ನಾಗಿ ಅರಿತಿದ್ದರು. ಕಲ್ಲು ಎಸೆದದ್ದು ಕೆಲವೇ ರಾತ್ರಿ. ಉಳಿದ ಎರಡು ತಿಂಗಳು ಅವರು ಬಳಸಿದ್ದು ನೆರೆಹೊರೆಯನ್ನೇ.

ಬಡಾವಣೆಯ ಹುಟ್ಟನ್ನು ಸ್ವಲ್ಪ ವಿವರವಾಗಿ ನೋಡಬೇಕು. ಲೆವಿಟ್ ಅಂಡ್ ಸನ್ಸ್ ಕಂಪನಿ ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರ ವಸತಿ ಅಭಾವವನ್ನು ಕಂಡು, 1947ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ಮೊದಲ ಲೆವಿಟ್‌ಟೌನ್ ಕಟ್ಟಲು ಆರಂಭಿಸಿತು. ಎರಡನೆಯದು ಫಿಲಡೆಲ್ಫಿಯಾ ನಗರದ ಈಶಾನ್ಯಕ್ಕೆ, ಬಕ್ಸ್ ಕೌಂಟಿಯ ಹೊಲಗಳ ಮೇಲೆ ಎದ್ದಿತು. ಹತ್ತಿರದಲ್ಲೇ ಯು.ಎಸ್. ಸ್ಟೀಲ್ ಕಂಪನಿಯ ಫೇರ್‌ಲೆಸ್ ಉಕ್ಕಿನ ಕಾರ್ಖಾನೆ 1952ರಲ್ಲಿ ಶುರುವಾಯಿತು. ಅದೇ ವರ್ಷ ಬಡಾವಣೆಗೆ ಮೊದಲ ಕುಟುಂಬಗಳು ಬಂದವು. 1958ರ ವೇಳೆಗೆ ಅಲ್ಲಿ 17,311 ಮನೆಗಳಿದ್ದವು. ಮೋಟಾರು ಕಾರ್ಖಾನೆಯಲ್ಲಿ ಕಾರು ಒಬ್ಬ ಕೆಲಸಗಾರನಿಂದ ಮತ್ತೊಬ್ಬನ ಬಳಿಗೆ ಸಾಗುತ್ತದೆ. ಕಂಪನಿಯ ಮುಖ್ಯಸ್ಥ ವಿಲಿಯಂ ಲೆವಿಟ್ ಈ ಕ್ರಮವನ್ನು ತಿರುವುಹಾಕಿದ. ಮನೆ ನಿಂತಲ್ಲೇ ನಿಂತಿರುತ್ತಿತ್ತು, ತಂಡಗಳು ಸಾಲಿನುದ್ದಕ್ಕೂ ಸಾಗುತ್ತಿದ್ದವು: ಒಂದು ತಂಡ ಕಾಂಕ್ರೀಟಿನ ಹಾಸು ಹಾಕಿದರೆ ಮತ್ತೊಂದು ಚೌಕಟ್ಟು ನಿಲ್ಲಿಸುತ್ತಿತ್ತು, ಇನ್ನೊಂದು ಬಣ್ಣ ಬಳಿಯುತ್ತಿತ್ತು. ನೆಲಮಾಳಿಗೆಯಿಲ್ಲದ, ಕೆಲವೇ ಮಾದರಿಗಳ, ಸುಮಾರು 70 ಅಡಿ ಅಗಲ 100 ಅಡಿ ಉದ್ದದ ಸೈಟಿನ ಮೇಲೆ ನಿಂತ ಮನೆಗಳವು.

ಇಡೀ ಊರನ್ನು ಉಪಬಡಾವಣೆಗಳಾಗಿ ವಿಂಗಡಿಸಿ, ಒಂದೊಂದರ ರಸ್ತೆಗಳಿಗೂ ಒಂದೇ ಅಕ್ಷರದಿಂದ ಆರಂಭವಾಗುವ ಹೆಸರುಗಳನ್ನು ಇಡಲಾಗಿತ್ತು. ಮೈಯರ್ಸ್ ದಂಪತಿಗಳ ಮನೆಯಿದ್ದದ್ದು ಡಾಗ್‌ವುಡ್ ಹಾಲೋ ಎಂಬ ಭಾಗದಲ್ಲಿ. ಆದ್ದರಿಂದಲೇ ಡೀಪ್‌ಗ್ರೀನ್, ಡ್ಯಾಫೊಡಿಲ್. ಸೈಟಿನ ಸುತ್ತ ಬೇಲಿ ಹಾಕುವಂತಿರಲಿಲ್ಲ. ಬಟ್ಟೆ ಒಣಗಿಸುವುದಕ್ಕೂ ನಿಯಮಗಳಿದ್ದವು. ಒಬ್ಬರ ಹಿತ್ತಿಲು ಮತ್ತೊಬ್ಬರ ಹಿತ್ತಿಲಿಗೆ ತಡೆಯಿಲ್ಲದೆ ಸೇರಿ, ಹುಲ್ಲುಹಾಸು ಒಂದೇ ಉದ್ಯಾನದಂತೆ ಕಾಣಬೇಕೆಂಬುದು ಕಟ್ಟಿಸಿದವರ ಆಸೆ. ಈ ಬೇಲಿಯಿಲ್ಲದ ಹಿತ್ತಿಲು ಮುಂದೆ ಪ್ರಕರಣದಲ್ಲಿ ಮತ್ತೆ ಬರುತ್ತದೆ. ಇನ್ನೊಂದು ಸಂಗತಿಯನ್ನೂ ಗಮನದಲ್ಲಿಡಬೇಕು: ಹೆಸರಿನಲ್ಲಿ ಟೌನ್ ಇದ್ದರೂ ಲೆವಿಟ್‌ಟೌನ್ ಒಂದು ಪುರಸಭೆಯಾಗಿರಲಿಲ್ಲ. ಅದು ನಾಲ್ಕು ಸ್ಥಳೀಯ ಸಂಸ್ಥೆಗಳ ಗಡಿಗಳೊಳಗೆ ಹಂಚಿಹೋಗಿತ್ತು. ಡಾಗ್‌ವುಡ್ ಹಾಲೋ ಬ್ರಿಸ್ಟಲ್ ಟೌನ್‌ಶಿಪ್ಪಿಗೆ ಸೇರಿತ್ತು. ಅದರ ಪೊಲೀಸ್ ಬಲ ಚಿಕ್ಕದಾಗಿತ್ತು.

ಸುಮಾರು 60,000 ಮಂದಿ ವಾಸಿಸುತ್ತಿದ್ದ ಈ ಊರಿನಲ್ಲಿ 1957ರ ಆಗಸ್ಟ್ ತನಕ ಒಂದೇ ಒಂದು ಕಪ್ಪು ಕುಟುಂಬವಿರಲಿಲ್ಲ. ಇದು ತಾನಾಗಿ ಆದದ್ದಲ್ಲ. 1934ರಲ್ಲಿ ಸ್ಥಾಪನೆಯಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಎಂಬ ಸರ್ಕಾರಿ ಸಂಸ್ಥೆ ಗೃಹಸಾಲಗಳಿಗೆ ವಿಮೆ ಒದಗಿಸುತ್ತಿತ್ತು. ಲೆವಿಟ್‌ನಂತಹ ದೊಡ್ಡ ಕಟ್ಟಡದಾರರು ಇಟ್ಟಿಗೆ ಇಡುವ ಮೊದಲೇ ಬ್ಯಾಂಕುಗಳಿಂದ ಕೋಟ್ಯಂತರ ಡಾಲರು ಪಡೆಯಲು ಸಾಧ್ಯವಾದದ್ದು ಈ ಖಾತರಿಯಿಂದಲೇ. ಅದರ ಅಧಿಕಾರಿಗಳಿಗೆಂದು ಹೊರಡಿಸಿದ್ದ ಕೈಪಿಡಿ, ನೆರೆಹೊರೆಯ ಬೆಲೆ ಸ್ಥಿರವಾಗಿರಬೇಕಾದರೆ ಅಲ್ಲಿ ಒಂದೇ ಸಾಮಾಜಿಕ ಮತ್ತು ಜನಾಂಗೀಯ ವರ್ಗದವರು ಇರಬೇಕೆಂದು ಹಲವು ವರ್ಷ ಬೋಧಿಸಿತು. ಮನೆ ಬಾಡಿಗೆಗೆ ಕೇಳಲು ಹೋದಾಗ ‘ನೀವು ಯಾವ ಜನ?’ ಎಂಬ ಪ್ರಶ್ನೆಯನ್ನು ಎದುರಿಸಿದ ಕನ್ನಡಿಗರಿಗೆ ಈ ಮನೋಭಾವ ಅಪರಿಚಿತವಲ್ಲ. ಆದರೆ ಆ ಪ್ರಶ್ನೆಯನ್ನು ಸರ್ಕಾರವೇ ಕೈಪಿಡಿಯಲ್ಲಿ ಅಚ್ಚು ಹಾಕಿಸಿ, ಸಾಲದ ಷರತ್ತಿನಂತೆ ಜಾರಿಯಲ್ಲಿಟ್ಟದ್ದು ಅಲ್ಲಿನ ವಿಶೇಷ.

ಮೊದಲ ಲೆವಿಟ್‌ಟೌನಿನ ಕರಾರುಪತ್ರಗಳಲ್ಲಿ ಬಿಳಿಯರಲ್ಲದವರು ಮನೆಗೆಲಸದವರಾಗಿ ಹೊರತು ಅಲ್ಲಿ ವಾಸಿಸಕೂಡದೆಂಬ ಷರತ್ತೇ ಇತ್ತು. 1948ರಲ್ಲಿ ಶೆಲ್ಲಿ ವಿರುದ್ಧ ಕ್ರೇಮರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇಂತಹ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲವೆಂದು ತೀರ್ಪಿತ್ತ ಬಳಿಕ ಕಂಪನಿ ಅದನ್ನು ಕೈಬಿಟ್ಟಿತು. ಷರತ್ತು ಹೋಯಿತೇ ಹೊರತು ಪದ್ಧತಿ ಹೋಗಲಿಲ್ಲ. ಕಪ್ಪುವರ್ಣೀಯ ಗ್ರಾಹಕ ಬಂದರೆ ಮಾರಾಟ ಕಚೇರಿ ಸುಮ್ಮನೆ ಮಾರುತ್ತಿರಲಿಲ್ಲ. ಒಂದು ಮನೆಯನ್ನು ಕಪ್ಪು ಕುಟುಂಬಕ್ಕೆ ಕೊಟ್ಟರೆ ಬಿಳಿಯ ಗ್ರಾಹಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಬರುವುದೇ ಇಲ್ಲವೆಂದು, ಸ್ವತಃ ಯೆಹೂದಿಯಾಗಿ ತನ್ನ ಮನಸ್ಸಿನಲ್ಲಿ ಭೇದವಿಲ್ಲವೆನ್ನುತ್ತಲೇ, ವಿಲಿಯಂ ಲೆವಿಟ್ 1954ರಲ್ಲಿ ಬಹಿರಂಗವಾಗಿ ವಾದಿಸಿದ. ಇದನ್ನು ಪ್ರಶ್ನಿಸಿದ ಮೊಕದ್ದಮೆಯನ್ನು 1955ರಲ್ಲಿ ಪೆನ್ಸಿಲ್ವೇನಿಯಾದ ಫೆಡರಲ್ ನ್ಯಾಯಾಲಯ ವಜಾಮಾಡಿತು. ಸರ್ಕಾರದ ಖಾತರಿಯಿಂದ ಕಟ್ಟಿದ ಮಾತ್ರಕ್ಕೆ ಕಂಪನಿ ಸರ್ಕಾರವಾಗುವುದಿಲ್ಲ ಎಂಬುದು ಆ ತೀರ್ಪಿನ ಸಾರ.

ಇಷ್ಟೆಲ್ಲ ಕಾವಲಿದ್ದರೂ ಅದರಲ್ಲಿ ಒಂದು ಕಿಂಡಿ ಉಳಿದಿತ್ತು. ಲೆವಿಟ್‌ನ ಹಿಡಿತವಿದ್ದದ್ದು ಮೊದಲ ಕ್ರಯದ ಮೇಲೆ ಮಾತ್ರ. ಮನೆ ಕೊಂಡವನು ಅದನ್ನು ಮತ್ತೊಬ್ಬನಿಗೆ ಮಾರುವಾಗ ಕಂಪನಿಯ ಮಾರಾಟ ಕಚೇರಿಯ ಬಾಗಿಲಿಗೆ ಹೋಗಬೇಕಿರಲಿಲ್ಲ. ಮೂಲೆಮನೆ ಕೈಬದಲಾದದ್ದು ಹೀಗೆ ಎರಡನೇ ಕ್ರಯದಲ್ಲಿ, ಬೆಲೆ 12,150 ಡಾಲರ್.

ಕೊಂಡವರು ವಿಲಿಯಂ ಮತ್ತು ಡೇಸಿ ಮೈಯರ್ಸ್. ವಿಲಿಯಂ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವರು, ನದಿಯಾಚೆಯ ಟ್ರೆಂಟನ್ ನಗರದಲ್ಲಿ ಶೈತ್ಯೋಪಕರಣಗಳ ತಂತ್ರಜ್ಞ. ಡೇಸಿ ವರ್ಜೀನಿಯಾದ ರಿಚ್ಮಂಡಿನವರು, ಪದವೀಧರೆ, ಶಿಕ್ಷಕಿಯಾಗಿ ಕೆಲಸ ಮಾಡಿದವರು. ಇಬ್ಬರು ಗಂಡುಮಕ್ಕಳ ಮೇಲೆ ಹೆಣ್ಣುಮಗು ಹುಟ್ಟಿದ್ದರಿಂದ, ಅದೇ ಟೌನ್‌ಶಿಪ್ಪಿನಲ್ಲಿದ್ದ ಹಳೆಯ ಮನೆ ಸಾಲದಾಗಿತ್ತು. ಇನ್ನೊಂದು ಕೋಣೆ ಬೇಕಿತ್ತು. ಸೈನ್ಯದಿಂದ ಬಂದವರು, ಖಾಯಂ ನೌಕರಿ, ವಿದ್ಯೆ, ಚಿಕ್ಕ ಮಕ್ಕಳು: ಲೆವಿಟ್ ತನ್ನ ಜಾಹೀರಾತುಗಳಲ್ಲಿ ಕರೆಯುತ್ತಿದ್ದ ಗ್ರಾಹಕನ ಎಲ್ಲ ಲಕ್ಷಣಗಳೂ ಈ ಕುಟುಂಬಕ್ಕಿದ್ದವು. ಆದರೂ ಬ್ಯಾಂಕುಗಳಿಂದ ಸಾಲ ಹುಟ್ಟಲಿಲ್ಲ. ನ್ಯೂಯಾರ್ಕಿನ ದಾನಿಯೊಬ್ಬರು ಖಾಸಗಿಯಾಗಿ ಅಡಮಾನ ಸಾಲ ಕೊಟ್ಟಿದ್ದರಿಂದ ಕ್ರಯ ಸಾಧ್ಯವಾಯಿತು.

ಮೊದಲ ರಾತ್ರಿಯ ಕಲ್ಲೇಟಿನ ನಂತರ ಕುಟುಂಬ ಕೆಲವು ದಿನ ಹೊರಗಿದ್ದು, ಆಗಸ್ಟ್ 19ರಂದು ನೆಲೆಸಲೆಂದೇ ಮರಳಿತು. ಗುಂಪೂ ಮರಳಿತು. ಸ್ಥಳೀಯ ಪೊಲೀಸರಿಂದ ಪರಿಸ್ಥಿತಿ ನಿಭಾಯಿಸಲಾಗದೆ ಬಕ್ಸ್ ಕೌಂಟಿಯ ಷೆರಿಫ್ ರಾಜ್ಯದ ನೆರವು ಕೇಳಿದ್ದರು. ಗವರ್ನರ್ ಜಾರ್ಜ್ ಲೀಡರ್ ರಾಜ್ಯ ಪೊಲೀಸರನ್ನು ಕಳುಹಿಸಿದ್ದರು. ಆಗಸ್ಟ್ 20ರ ರಾತ್ರಿ ಗುಂಪಿನಿಂದ ಬಂದ ಕಲ್ಲೊಂದು ಸ್ಥಳೀಯ ಪೊಲೀಸ್ ಸಾರ್ಜೆಂಟ್ ಒಬ್ಬರ ತಲೆಗೆ ಬಿದ್ದು ಅವರು ಪ್ರಜ್ಞೆತಪ್ಪಿದರು. ತಮ್ಮವನೇ ಬಿದ್ದ ಮೇಲೆ ಪೊಲೀಸರ ಧೋರಣೆ ಬದಲಾಯಿತು. ಮೂವರಿಗಿಂತ ಹೆಚ್ಚು ಮಂದಿ ಅಲ್ಲಿ ಗುಂಪುಗೂಡದಂತೆ ನಿಷೇಧ ಹೇರಿ ಬೀದಿಯನ್ನು ತೆರವುಗೊಳಿಸಿದರು. ಪತ್ರಿಕೆಗಳು ವರದಿ ಮಾಡಿದ್ದು ಹೆಚ್ಚಾಗಿ ಇಲ್ಲಿಯವರೆಗಿನ ಸಂಗತಿಯನ್ನು. ಸೆಪ್ಟೆಂಬರ್ ಬಂದಾಗ ಆರ್ಕನ್ಸಾಸ್ ರಾಜ್ಯದ ಲಿಟಲ್ ರಾಕ್ ಪ್ರೌಢಶಾಲೆಯ ಬಾಗಿಲಲ್ಲಿ ಒಂಬತ್ತು ಕಪ್ಪುವರ್ಣೀಯ ವಿದ್ಯಾರ್ಥಿಗಳನ್ನು ತಡೆದ ಸುದ್ದಿ ದೇಶದ ಗಮನವನ್ನೆಲ್ಲ ಸೆಳೆದುಕೊಂಡಿತು.

ಪ್ರಕರಣದ ಗಂಭೀರ ಭಾಗ ಆರಂಭವಾಗುವುದು ಬೀದಿ ಖಾಲಿಯಾದ ಮೇಲೆ. ಮನೆಮನೆಗೆ ಹಾಲು, ಬ್ರೆಡ್ಡು ತಂದುಕೊಡುವ ವ್ಯವಸ್ಥೆಯಿದ್ದ ಊರಿನಲ್ಲಿ ಮೈಯರ್ಸ್ ಮನೆಗೆ ಅವು ಬರುವುದು ನಿಂತಿತು. ಮನೆ ಬೆಚ್ಚಗಿಡುವ ಎಣ್ಣೆಯನ್ನು ತಲುಪಿಸಲೂ ಹಿಂಜರಿದರು. ಬೆದರಿಕೆಯ ಕರೆಗಳಿಗೆ ಹೊತ್ತುಗೊತ್ತಿರಲಿಲ್ಲ. ಕಾರುಗಳು ಹಾರನ್ ಬಾರಿಸುತ್ತ ರಾತ್ರಿಯಿಡೀ ಮೂಲೆಯನ್ನು ಸುತ್ತುತ್ತಿದ್ದವು. ಹಿತ್ತಿಲಿಗೆ ಹಿತ್ತಿಲು ಸೇರಿದ್ದ ಹಿಂದಿನ ಮನೆ ಖಾಲಿಯಿತ್ತು. ವಿರೋಧಿಗಳು ಅದನ್ನು ತಮ್ಮ ಕ್ಲಬ್ಬಾಗಿ ಮಾಡಿಕೊಂಡು, ಗುಲಾಮಗಿರಿಯ ಪರವಾಗಿ ಅಂತರ್ಯುದ್ಧ ಹೂಡಿದ ದಕ್ಷಿಣ ರಾಜ್ಯಗಳ ಕಾನ್ಫೆಡರೇಟ್ ಬಾವುಟವನ್ನು ಹಾರಿಸಿದರು. ಆ ದಕ್ಷಿಣದ ಹಾಡುಗಳನ್ನು ಗಟ್ಟಿ ದನಿಯಲ್ಲಿ ಹಾಕಿ, ಮಕ್ಕಳು ಮಲಗುವ ಹೊತ್ತಿನಲ್ಲೂ ನಿಲ್ಲಿಸುತ್ತಿರಲಿಲ್ಲ. ಒಬ್ಬಾತ ತನ್ನ ಕಪ್ಪು ನಾಯಿಗೆ ಕಪ್ಪುವರ್ಣೀಯರನ್ನು ಹೀಯಾಳಿಸುವ ಪದವನ್ನೇ ಹೆಸರಿಟ್ಟು, ಮೈಯರ್ಸ್ ಮನೆಯ ಬಳಿ ಕೂಗಿ ಕರೆಯುತ್ತ ತಿರುಗಾಡುತ್ತಿದ್ದ. ನಾಯಿಯನ್ನು ಕರೆಯುವುದು, ಹಾಡು ಹಾಕುವುದು, ಬಾವುಟ ಕಟ್ಟುವುದು, ಗಿರಾಕಿಗೆ ಹಾಲು ಹಾಕದಿರುವುದು, ಇವುಗಳಲ್ಲಿ ಒಂದೊಂದನ್ನೂ ಬಿಡಿಯಾಗಿ ಹಿಡಿದು ನೋಡಿದರೆ ಕೇಸು ಹಾಕುವಂತಹ ಅಪರಾಧವೆಂದು ತೋರುವುದಿಲ್ಲ. ಈ ಜಾಣತನವೇ ಆ ಎರಡು ತಿಂಗಳ ಲಕ್ಷಣ.

ಬೇಲಿಯಿಲ್ಲದ ಹಿತ್ತಿಲು ಇಲ್ಲಿ ನೆನಪಿಗೆ ಬರಬೇಕು. ನೆರೆಹೊರೆಯವರು ಕಲೆತು ಬಾಳಲೆಂದು ಮಾಡಿದ ವಿನ್ಯಾಸ, ಆ ಕುಟುಂಬ ಮರೆಯಾಗಿ ಕೂರಲು ಒಂದು ಗಿಡವನ್ನೂ ಉಳಿಸಿರಲಿಲ್ಲ. ಬಡಾವಣೆ ಹೊಸದಾದ್ದರಿಂದ ಮರಗಳೂ ಎಳೆಯವು. ವಾಸ್ತುಶಿಲ್ಪದ ಮೇಲೆ ತಪ್ಪು ಹೊರಿಸುವುದು ನನ್ನ ಉದ್ದೇಶವಲ್ಲ. ಆದರೆ ಅಗಲವಾದ ಗಾಜಿನ ಕಿಟಕಿಗಳ ಮನೆಯೊಳಗೆ ಕೈಗೂಸು ಹಿಡಿದು ಕುಳಿತ ತಾಯಿಗೆ ಆ ಮುಕ್ತ ನೋಟ ಹೇಗೆ ಕಂಡಿರಬಹುದೆಂದು ಊಹಿಸದೆ ಈ ಪ್ರಕರಣ ಅರ್ಥವಾಗದು.

ಸ್ಥಳೀಯ ಪೊಲೀಸರು ಹಗಲಿರುಳು ಕಾವಲು ಕೊಡಲು ತಮ್ಮ ಬಳಿ ಹಣವಿಲ್ಲವೆಂದರು. ಗಲಭೆಯಲ್ಲಿ ಮಧ್ಯೆ ಪ್ರವೇಶಿಸಬೇಡಿರೆಂಬ ಆದೇಶವನ್ನು ಆಕ್ಷೇಪಿಸಿದ ಸಾರ್ಜೆಂಟ್ ಒಬ್ಬರಿಗೆ ಹಿಂಬಡ್ತಿಯಾಯಿತು. ಬೆಂಬಲಿಗರ ಮನೆಯಂಗಳದಲ್ಲಿ, ಬಿಳಿಯರ ಮೇಲುಗೈಗಾಗಿ ಹಿಂಸೆಗಿಳಿಯುತ್ತಿದ್ದ ಕು ಕ್ಲಕ್ಸ್ ಕ್ಲಾನ್ (ಕೆ.ಕೆ.ಕೆ.) ಸಂಘಟನೆಯ ಮಾದರಿಯಲ್ಲಿ ಶಿಲುಬೆ ಸುಟ್ಟದ್ದು, ಪಕ್ಕದ ಮನೆಯ ಗೋಡೆಗೆ ‘ಕೆ.ಕೆ.ಕೆ.’ ಎಂದು ಬಳಿದದ್ದು ಈ ಅವಧಿಯಲ್ಲೇ.

ಆ ಪಕ್ಕದ ಮನೆ ಲ್ಯೂ ಮತ್ತು ಬೀ ವೆಕ್ಸ್‌ಲರ್ ದಂಪತಿಗಳದು. ಅವರು ನ್ಯೂಯಾರ್ಕಿನ ಬ್ರಾಂಕ್ಸಿನಿಂದ ಬಂದ ಯೆಹೂದಿಗಳು, ಹಿಂದೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದವರು. ಮಾರುವವರಿಗೂ ಕೊಳ್ಳುವವರಿಗೂ ಸಂಪರ್ಕ ಕಲ್ಪಿಸಿದ್ದು ಅವರೇ. ವಿರೋಧಿಗಳು ಇದನ್ನು ಹಿಡಿದು, ಇದೊಂದು ಪೂರ್ವಯೋಜಿತ ಸಂಚೆಂದೂ ಹಿಂದೆ ಕಮ್ಯುನಿಸ್ಟರ ಕೈವಾಡವಿದೆಯೆಂದೂ ಪ್ರಚಾರ ಮಾಡಿದರು. ಈ ಆರೋಪವನ್ನು ಪೂರ್ತಿ ಸುಳ್ಳೆಂದು ತಳ್ಳಿಹಾಕುವವರಿದ್ದಾರೆ. ನನಗೆ ಅದು ಪ್ರಾಮಾಣಿಕವೆನಿಸುವುದಿಲ್ಲ. ಬಡಾವಣೆಯ ವರ್ಣಭೇದವನ್ನು ಮುರಿಯಬೇಕೆಂಬ ಬಯಕೆ ವೆಕ್ಸ್‌ಲರ್ ಮತ್ತು ಅವರ ಗೆಳೆಯರಿಗೆ ನಿಶ್ಚಯವಾಗಿ ಇತ್ತು. ಆದರೆ ಮೈಯರ್ಸ್ ದಂಪತಿಗಳಿಗೆ ಬೇಕಾಗಿದ್ದದ್ದು ಇನ್ನೊಂದು ಕೋಣೆ. ಮಾರಾಟಕ್ಕಿದ್ದ ಮನೆಯನ್ನು, ಕೇಳಿದ ಬೆಲೆ ಕೊಟ್ಟು, ಕೊಳ್ಳಲು ಸಿದ್ಧವಿರುವವರಿಗೆ ತೋರಿಸುವುದು ಸಂಚಾಗುವುದಾದರೆ, ಹದಿನೇಳು ಸಾವಿರ ಮನೆಗಳಲ್ಲಿ ಒಂದನ್ನೂ ತೋರಿಸದೆ ಐದು ವರ್ಷ ಊರು ನಡೆಸಿದ್ದನ್ನು ಏನೆಂದು ಕರೆಯಬೇಕೆಂಬ ಪ್ರಶ್ನೆಯೂ ಏಳುತ್ತದೆ.

ಕ್ವೇಕರ್ ಎಂಬ ಕ್ರೈಸ್ತ ಪಂಥದವರು, ಯೆಹೂದಿ ಸಂಘಟನೆಗಳವರು, ಕೆಲವು ಚರ್ಚುಗಳ ಪಾದ್ರಿಗಳು ಕುಟುಂಬದ ಬೆನ್ನಿಗೆ ನಿಂತರು. ಸ್ವಯಂಸೇವಕರು ಸರದಿಯ ಮೇಲೆ ಬಂದು ರಾತ್ರಿ ಮನೆಯಲ್ಲಿ ಕುಳಿತಿರುತ್ತಿದ್ದರು, ಮನೆಗೆಲಸಕ್ಕೂ ಕೈಜೋಡಿಸುತ್ತಿದ್ದರು. ವಿರೋಧಿಗಳು ಮುರಿಯಲು ನೋಡಿದ ನೆರೆಹೊರೆಯ ಪುಟ್ಟ ಸೇವೆಗಳನ್ನೇ ಇವರು ಬೇರೆ ದಾರಿಯಿಂದ ಒದಗಿಸಿದರು. ಗವರ್ನರರ ಪೊಲೀಸರು ಮುಖ್ಯವೋ ಈ ಸ್ವಯಂಸೇವಕರು ಮುಖ್ಯವೋ ಎಂದು ಕೇಳಿದರೆ, ಆಗಸ್ಟಿಗೆ ಮೊದಲನೆಯವರು, ಸೆಪ್ಟೆಂಬರಿಗೆ ಎರಡನೆಯವರು ಎಂದೇ ನಾನು ಹೇಳುವೆ.

ಕಡೆಗೆ ರಾಜ್ಯದ ಅಟಾರ್ನಿ ಜನರಲ್ ಥಾಮಸ್ ಮೆಕ್‌ಬ್ರೈಡ್ ಅಕ್ಟೋಬರಿನಲ್ಲಿ ನ್ಯಾಯಾಲಯದ ಮೊರೆಹೋದರು. ಅವರ ಕ್ರಮದ ಹೆಚ್ಚುಗಾರಿಕೆಯೆಂದರೆ, ಬಿಡಿಬಿಡಿಯಾಗಿ ಸಣ್ಣವೆನಿಸುವ ಕೃತ್ಯಗಳನ್ನು ಒಟ್ಟಿಗೆ ಪೋಣಿಸಿ, ಇದು ಒಂದು ಕುಟುಂಬವನ್ನು ಮನೆಬಿಡಿಸುವ ಸಂಘಟಿತ ಪ್ರಯತ್ನವೆಂದು ಮುಂದಿಟ್ಟದ್ದು. ಬಂಧಿಸಿ ದಂಡ ಹಾಕುವ ಕ್ರಿಮಿನಲ್ ದಾರಿಗಿಂತ, ಹೆಸರಿಸಿದ ವ್ಯಕ್ತಿಗಳು ಮುಂದೆ ಕಾಡಬಾರದೆಂಬ ತಡೆಯಾಜ್ಞೆಯ ದಾರಿ ಇಲ್ಲಿ ಫಲ ಕೊಟ್ಟಿತು. ಅದನ್ನು ಮೀರಿದರೆ ನ್ಯಾಯಾಂಗ ನಿಂದನೆಯಾಗುತ್ತಿತ್ತು. ಮೊದಲು ತಾತ್ಕಾಲಿಕ ಆಜ್ಞೆ ಬಂತು, ಡಿಸೆಂಬರಿನಲ್ಲಿ ವಿಚಾರಣೆ ನಡೆಯಿತು, 1958ರಲ್ಲಿ ಆಜ್ಞೆ ಶಾಶ್ವತವಾಯಿತು. ಹಿಂದಿನ ಮನೆಯ ಹಾಡು ನಿಂತಿತು.

ವಿರೋಧಿಗಳು ಬಹಿರಂಗವಾಗಿ ಹೇಳುತ್ತಿದ್ದ ಕಾರಣ ಮನೆಯ ಬೆಲೆ ಬೀಳುತ್ತದೆಂಬುದು. ಇದನ್ನು ಬರಿಯ ನೆಪವೆಂದು ಬಿಡುವಂತಿಲ್ಲ. ಮುಂಗಡವಿಲ್ಲದೆಯೋ ಅತ್ಯಲ್ಪ ಮುಂಗಡಕ್ಕೋ ಮನೆ ಪಡೆದ ಮಾಜಿ ಸೈನಿಕನಿಗೆ ಆ ಮನೆಯಲ್ಲಿ ತನ್ನದೆಂಬ ಪಾಲು ಆರಂಭದ ವರ್ಷಗಳಲ್ಲಿ ತೀರ ಕಡಿಮೆ. ಬೆಲೆ ಸ್ವಲ್ಪ ಇಳಿದರೂ ಸಾಲ ಮನೆಗಿಂತ ದೊಡ್ಡದಾಗುತ್ತದೆ. ಉಕ್ಕಿನ ಕಾರ್ಖಾನೆಯ ಕೂಲಿಯಲ್ಲಿ ಬದುಕುತ್ತಿದ್ದವನ ಇಡೀ ಆಸ್ತಿ ಅದೊಂದೇ. ಆ ಭಯವನ್ನು ಅವನ ತಲೆಯಲ್ಲಿ ಬಿತ್ತಿದ್ದು ಸರ್ಕಾರದ ಕೈಪಿಡಿ, ನೀರೆರೆದದ್ದು ಲೆವಿಟ್‌ನ ಮಾರಾಟ ನೀತಿ. ಎಲ್ಲರೂ ಬೆಲೆ ಬೀಳುತ್ತದೆಂದು ನಂಬಿ ಒಟ್ಟಿಗೆ ಮಾರಲು ಹೊರಟರೆ ಬೆಲೆ ಬೀಳುವುದು ನಿಜ. ಕಪ್ಪು ಕುಟುಂಬ ಬಂದದ್ದರಿಂದಲೇ ಬೀಳುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಲುಯಿಜಿ ಲಾರೆಂಟಿ ಎಂಬ ಅರ್ಥಶಾಸ್ತ್ರಜ್ಞರು ಸ್ಯಾನ್ ಫ್ರಾನ್ಸಿಸ್ಕೊ, ಓಕ್‌ಲೆಂಡ್ ಮತ್ತು ಫಿಲಡೆಲ್ಫಿಯಾಗಳಲ್ಲಿ ಕಪ್ಪು ಕುಟುಂಬಗಳು ಸೇರಿದ ಬೀದಿಗಳನ್ನು ಸೇರದ ಬೀದಿಗಳೊಂದಿಗೆ ಹೋಲಿಸಿ 1960ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಶೇಕಡ 41 ಹೋಲಿಕೆಗಳಲ್ಲಿ ಬೆಲೆಯಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ, ಶೇಕಡ 44ರಲ್ಲಿ ಬೆಲೆ ಹೆಚ್ಚೇ ಇತ್ತು, ಶೇಕಡ 15ರಲ್ಲಿ ಮಾತ್ರ ಕಡಿಮೆಯಿತ್ತು. ಬೇರೆಡೆ ಮನೆ ಸಿಗದ ಕಪ್ಪುವರ್ಣೀಯ ಗ್ರಾಹಕರು ಸಿಕ್ಕಲ್ಲಿ ಹೆಚ್ಚು ಕೊಟ್ಟು ಕೊಳ್ಳಲು ಸಿದ್ಧರಿದ್ದುದನ್ನು ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ.

1958ರಲ್ಲಿ ಮತ್ತೊಂದು ಕಪ್ಪು ಕುಟುಂಬ ಲೆವಿಟ್‌ಟೌನಿನ ಬೇರೊಂದು ಭಾಗದಲ್ಲಿ ಮನೆ ಕೊಂಡಾಗ ಅಂತಹ ಗಲಭೆಯಾಗಲಿಲ್ಲ. ಲೆವಿಟ್ ತನ್ನ ಮೂರನೇ ಊರನ್ನು ನ್ಯೂಜೆರ್ಸಿಯಲ್ಲಿ ಕಟ್ಟುವಾಗಲೂ ಹಳೆಯ ನೀತಿಯನ್ನೇ ಹಿಡಿದಿದ್ದ. ಅಲ್ಲಿನ ಸುಪ್ರೀಂ ಕೋರ್ಟು 1960ರಲ್ಲಿ ಅವನ ವಿರುದ್ಧ ತೀರ್ಪಿತ್ತ ಬಳಿಕ ಮಣಿಯಬೇಕಾಯಿತು. ಮನೆ ಮಾರಾಟದಲ್ಲಿ ಜನಾಂಗೀಯ ತಾರತಮ್ಯವನ್ನು ದೇಶದಾದ್ಯಂತ ನಿಷೇಧಿಸುವ ಫೆಡರಲ್ ಕಾನೂನು ಬರಲು 1968 ಆಗಬೇಕಾಯಿತು.

ಮೈಯರ್ಸ್ ಕುಟುಂಬ ಮೂಲೆಮನೆಯಲ್ಲಿ ನಾಲ್ಕು ವರ್ಷ ಬಾಳಿ, ವಿಲಿಯಂ ಅವರ ಕೆಲಸದ ಕಾರಣದಿಂದ 1961ರಲ್ಲಿ ಊರು ಬಿಟ್ಟಿತು. ಡೇಸಿ ಮುಂದೆ ಅದೇ ರಾಜ್ಯದ ಯಾರ್ಕ್ ನಗರದಲ್ಲಿ ಶಿಕ್ಷಕಿಯಾಗಿ, ಮುಖ್ಯೋಪಾಧ್ಯಾಯಿನಿಯಾಗಿ ದುಡಿದರು. ವಿಲಿಯಂ 1987ರಲ್ಲಿ ತೀರಿಕೊಂಡರು. 1999ರ ಡಿಸೆಂಬರಿನಲ್ಲಿ ಬ್ರಿಸ್ಟಲ್ ಟೌನ್‌ಶಿಪ್ಪಿನ ಮೇಯರ್ ಸ್ಯಾಮ್ ಫೆಂಟನ್ ಡೇಸಿ ಅವರನ್ನು ಬರಮಾಡಿಕೊಂಡು ಊರಿನ ಪರವಾಗಿ ಕ್ಷಮೆ ಕೇಳಿದರು. ಕಚೇರಿಯ ಮುಂದಿನ ಕ್ರಿಸ್‌ಮಸ್ ಮರಕ್ಕೆ ‘ಮಿಸ್ ಡೇಸಿ’ ಎಂದು ಹೆಸರಿಟ್ಟು, ಅದರ ದೀಪಗಳನ್ನು ಅವರಿಂದಲೇ ಬೆಳಗಿಸಿದರು. ಮರುವರ್ಷದ ಜನಗಣತಿಯಲ್ಲಿ ಲೆವಿಟ್‌ಟೌನಿನ ನಿವಾಸಿಗಳಲ್ಲಿ ಕಪ್ಪುವರ್ಣೀಯರ ಪ್ರಮಾಣ ಶೇಕಡ 3ನ್ನೂ ಮುಟ್ಟಿರಲಿಲ್ಲ.